ನಲವತ್ತರಲ್ಲಿ ಹಲ್ಲಿಗೆ ತಂತಿ

ಯುಗಾದಿ ಕಳೆದ ಮೇಲೊಂದು ಭಾನುವಾರ ಆರ್.ಕೆ. ಪುರದ ದೆಹಲಿ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿದು ಊಟಕ್ಕೆ ಸಾಲು ನಿಂತಿದ್ದೆವು. ಹಿಂದೆ ನಿಂತಿದ್ದವರೊಬ್ಬರು, "ಅಕ್ಕಾ, ಊಟ ಆದ್ಮೇಲೆ ಐದು ನಿಮಿಷ ಸಿಗ್ತೀರಾ?" ಎಂದರು. ಹಾಸನದ ಕಡೆಯ ಹೆಣ್ಣುಮಗಳು. ನೋಯ್ಡಾದಲ್ಲಿ ಕೆಲಸ, ವಯಸ್ಸು 41. ಮಾತಾಡುವಾಗ ಬಲಗೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು. ಮೇಲಿನ ಬಾಚಿಹಲ್ಲು ಎರಡು ಮುಂದಕ್ಕೆ ಉಬ್ಬಿದ್ದವು, ಕೆಳಗಿನವು ಜಾಗ ಸಾಲದೆ ಒಂದರ ಮೇಲೊಂದು ಹತ್ತಿಕೊಂಡಿದ್ದವು. ಊಟ ಮುಗಿಸಿ ಕೂತ ಮೇಲೆ ಬ್ಯಾಗಿನಿಂದ ಎರಡು ಚೀಟಿ ತೆಗೆದು ನನ್ನ ಕೈಗಿತ್ತರು.

ಮೊದಲನೆಯ ಚೀಟಿ ನುಣುಪು ಕಾಗದದ್ದು, ಬಣ್ಣದ್ದು. ಲೋಹದ ತಂತಿಗೆ ಇಷ್ಟು, ಬಿಳಿ ಸೆರಾಮಿಕ್‌ಗೆ ಇಷ್ಟು, ಹೊರಗೆ ಕಾಣದ ಅಲೈನರ್‌ಗೆ ಇಷ್ಟು ಎಂದು ಮೂರು ಕಾಲಂ. ಕೆಳಗೆ ಕಂತಿನ ಲೆಕ್ಕ. ಅದರ ಕೆಳಗೆ ಪೆನ್ನಿನಲ್ಲಿ "6 ತಿಂಗಳು" ಎಂದು ಬರೆದು ಸುತ್ತ ಗೆರೆ ಎಳೆದಿತ್ತು. ಎರಡನೆಯದು ಮಾಮೂಲಿ ಔಷಧಿ ಬರೆಯುವ ಹಾಳೆ. ಓಪಿಜಿ ಎಕ್ಸರೇ, ಮುಖದ ಪಕ್ಕದಿಂದ ತೆಗೆಯುವ ಸೆಫಲೋಗ್ರಾಂ, ಹಲ್ಲಿನ ಅಚ್ಚು, ವಸಡಿನ ತಜ್ಞರ ಅಭಿಪ್ರಾಯ, ಎಡಗಡೆ ದವಡೆ ಹಲ್ಲಿನ ಹುಳುಕಿಗೆ ಫಿಲ್ಲಿಂಗ್. ಕೊನೆಗೆ, "ಇವೆಲ್ಲ ಆದ ಮೇಲೆ ಬನ್ನಿ." ತಂತಿಯ ಸುದ್ದಿಯೂ ಇಲ್ಲ, ದರವೂ ಇಲ್ಲ.

"ಮೊದಲನೆಯವರು ಹಲ್ಲಿನ ಡಾಕ್ಟ್ರು, ನಮ್ಮ ಸೊಸೈಟಿ ಹತ್ತಿರಾನೇ ಇರೋದು. ಎಲ್ಲಾ ಬಿಡಿಸಿ ಹೇಳಿದ್ರು. ಇವರು ಆರ್ಥೊಡಾಂಟಿಸ್ಟಂತೆ, ಅಕ್ಕಾ. ಏನೂ ಹೇಳ್ಲೇ ಇಲ್ಲ. ಯಾರ ಹತ್ರ ಹೋಗ್ಲಿ?"

ಅವರಿಗೆ ಅಂದು ಹೇಳಿದ್ದನ್ನೇ ಇಂದು ನಿಮಗೂ ಹೇಳಬೇಕೆಂದು ಬಂದಿದ್ದೇನೆ. ಹೇಳುವ ಮುಂಚೆ ನಾನು ಯಾರೆಂಬುದು ನಿಮಗೆ ಗೊತ್ತಿರಬೇಕು. ನಾನು ಹಲ್ಲಿನ ಸಾಲು ತಿದ್ದುವ ತಜ್ಞೆ, ಅಂದರೆ ಆರ್ಥೊಡಾಂಟಿಸ್ಟ್ ಅಲ್ಲ, ಸಾಮಾನ್ಯ ದಂತವೈದ್ಯೆ. ದಾವಣಗೆರೆಯಲ್ಲಿ ಬಿ.ಡಿ.ಎಸ್. ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಇಪ್ಪತ್ತು ವರ್ಷಕ್ಕೂ ಮೇಲೆ ಮಯೂರ್ ವಿಹಾರದಲ್ಲಿ ಒಂದು ಸಣ್ಣ ಕ್ಲಿನಿಕ್ ನಡೆಸಿಕೊಂಡು ಬಂದಿದ್ದೇನೆ. ಹುಳುಕು ತುಂಬುವುದು, ಬೇರುನಾಳ ಚಿಕಿತ್ಸೆ, ಕಿಟ್ಟ ತೆಗೆಯುವುದು, ಕೀಳಬೇಕಾದ ಹಲ್ಲು ಕೀಳುವುದು, ಇದು ನನ್ನ ದಿನದ ಕೆಲಸ. ಹಲ್ಲಿನ ಸಾಲು ಸರಿಪಡಿಸುವ ಕೆಲಸವನ್ನು ನಾನು ಮಾಡುವುದಿಲ್ಲ. ಹಿಂದೆ ಒಮ್ಮೆ ಮಾಡಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನನ್ನ ಕುರ್ಚಿಯಲ್ಲಿ ಕೂತು ಎಷ್ಟು ಜನ ಹೇಳಿದ್ದಾರೋ. ತಂತಿ ಎಂದರೆ ಹೈಸ್ಕೂಲು ಮಕ್ಕಳಿಗೆ, ನಮಗೇಕೆ ಈ ವಯಸ್ಸಿನಲ್ಲಿ ಎಂದು. ಹಲ್ಲಿನ ಮಟ್ಟಿಗೆ ಆ ಗಾದೆ ನಿಜವಲ್ಲ. ದವಡೆಯ ಮಟ್ಟಿಗೆ ನಿಜ. ಈ ಎರಡು ಮಾತಿನ ನಡುವಿನ ಅಂತರವೇ ದೊಡ್ಡವರ ತಂತಿ ಚಿಕಿತ್ಸೆಯ ತಿರುಳು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಲ್ಲು ಮೂಳೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿಲ್ಲ. ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರ ಇದೆ. ಹಲ್ಲು ಆ ನಾರುಗಳಲ್ಲಿ ತೂಗುಹಾಕಿದಂತೆ ನಿಂತಿದೆ. ತಂತಿಯಿಂದ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತಿದರೆ, ಒತ್ತಡ ಬಿದ್ದ ಕಡೆ ಮೂಳೆಯನ್ನು ಕರಗಿಸುವ ಜೀವಕೋಶಗಳು ಬಂದು ಕೂರುತ್ತವೆ. ಎಳೆತ ಬಿದ್ದ ಹಿಂಬದಿಯಲ್ಲಿ ಹೊಸ ಮೂಳೆ ಕಟ್ಟುವ ಕೋಶಗಳು ಕೆಲಸ ಶುರುಮಾಡುತ್ತವೆ. ಮುಂದೆ ಕರಗುತ್ತಾ, ಹಿಂದೆ ಕಟ್ಟುತ್ತಾ ಹಲ್ಲು ಜಾಗ ಬದಲಿಸುತ್ತದೆ. ವೇಗ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಹದಿನಾಲ್ಕರಲ್ಲೂ ನಲವತ್ತರಲ್ಲೂ ಅರವತ್ತರಲ್ಲೂ ನಡೆಯುವುದು ಇದೇ. ವಯಸ್ಸಾದವರಲ್ಲಿ ಆರಂಭ ಕೊಂಚ ನಿಧಾನ, ಅಷ್ಟೇ. ಆದರೆ ದವಡೆಯ ಬೆಳವಣಿಗೆ ಹದಿಹರೆಯದ ಕೊನೆಗೆ ನಿಂತುಹೋಗುತ್ತದೆ. ಮಗುವಿನ ದವಡೆಯನ್ನು ಬೆಳೆಯುವಾಗಲೇ ತಿದ್ದಬಹುದು. ದೊಡ್ಡವರ ದವಡೆ ತೀರಾ ಹಿಂದೆಯೋ ಮುಂದೆಯೋ ಇದ್ದರೆ ತಂತಿಯೊಂದರಿಂದ ಆಗದು, ಶಸ್ತ್ರಚಿಕಿತ್ಸಕರೂ ಬೇಕಾಗುತ್ತದೆ. ಒಬ್ಬರ ತೊಂದರೆ ಹಲ್ಲಿನದೋ ದವಡೆಯದೋ ಎಂದು ಕನ್ನಡಿ ನೋಡಿ ಹೇಳಲಾಗುವುದಿಲ್ಲ. ಆ ಎರಡನೆಯ ಚೀಟಿಯಲ್ಲಿದ್ದ ಸೆಫಲೋಗ್ರಾಂ ಅದನ್ನು ಅಳೆಯುವುದಕ್ಕೇ. 1931ರಿಂದ ಬಳಕೆಯಲ್ಲಿರುವ ವಿಧಾನ ಅದು: ತಲೆಯನ್ನು ಒಂದೇ ಭಂಗಿಯಲ್ಲಿ ಹಿಡಿದು ಪಕ್ಕದಿಂದ ಎಕ್ಸರೇ ತೆಗೆದು, ತಲೆಬುರುಡೆಗೆ ದವಡೆ ಎಷ್ಟು ಕೋನದಲ್ಲಿದೆ, ದವಡೆಗೆ ಹಲ್ಲು ಎಷ್ಟು ಕೋನದಲ್ಲಿದೆ ಎಂದು ಗೆರೆ ಎಳೆದು ನೋಡುವುದು.

ಹಲ್ಲು ತಾನಾಗಿ ಸರಿಯುವುದಾದರೆ ತಂತಿಯನ್ನು ಯಾರು ಹಾಕಿದರೇನು? ಈ ಪ್ರಶ್ನೆಯನ್ನೂ ನನಗೆ ಕೇಳಿದ್ದಾರೆ. ಹಗ್ಗಜಗ್ಗಾಟ ನೋಡಿದವರಿಗೆ ಉತ್ತರ ಗೊತ್ತು. ಆ ಕಡೆಯವರನ್ನು ಎಳೆದಷ್ಟೇ ಬಲ ಈ ಕಡೆಯವರ ಮೇಲೂ ಬೀಳುತ್ತದೆ; ಕಾಲು ಊರಿ ನಿಲ್ಲದಿದ್ದರೆ ಎಳೆಯುವವರೇ ಜಾರುತ್ತಾರೆ. ಉಬ್ಬಿದ ಮುಂದಿನ ಹಲ್ಲನ್ನು ಹಿಂದಕ್ಕೆ ಎಳೆಯಲು ಹಿಂದಿನ ದವಡೆ ಹಲ್ಲನ್ನು ಆಸರೆ ಮಾಡಿಕೊಂಡರೆ, ದವಡೆ ಹಲ್ಲೇ ಮುಂದಕ್ಕೆ ಬಂದುಬಿಡಬಹುದು. ಯಾವುದನ್ನು ಊರಿ ನಿಲ್ಲಿಸಬೇಕು, ಯಾವುದನ್ನು ಬಿಡಬೇಕು, ಬೇರು ವಾಲದಂತೆ ಹಲ್ಲನ್ನು ನೆಟ್ಟಗೆ ಹೇಗೆ ಸಾಗಿಸಬೇಕು, ಬೇಕಾದ ಜಾಗವನ್ನು ಎಲ್ಲಿಂದ ತರಬೇಕು. ತಂತಿ ಅಂಟಿಸುವುದು ಅರ್ಧ ದಿನದ ಕೆಲಸ. ಈ ಲೆಕ್ಕವೇ ವಿದ್ಯೆ.

ನನಗೆ ಆ ಲೆಕ್ಕ ಬರುತ್ತಿರಲಿಲ್ಲ. ಕ್ಲಿನಿಕ್ ತೆರೆದ ಎರಡನೆಯ ವರ್ಷ 26ರ ಒಬ್ಬಾಕೆ ಬಂದಳು. ನಾಲ್ಕು ತಿಂಗಳಲ್ಲಿ ಮದುವೆ, ಮುಂದಿನ ಹಲ್ಲು ನಾಲ್ಕು ಸಾಲಾದರೆ ಸಾಕು ಎಂದಳು. ಸಾಮಾನು ಸಲೀಸಾಗಿ ಸಿಗುತ್ತಿತ್ತು, ನಾನೂ ಒಪ್ಪಿಕೊಂಡೆ. ಸೆಫಲೋಗ್ರಾಂ ತೆಗೆಸಲಿಲ್ಲ. ಹಲ್ಲು ಸಾಲಾದವು, ನಿಜ. ಆದರೆ ಇಕ್ಕಟ್ಟಿನಲ್ಲಿದ್ದ ಹಲ್ಲುಗಳಿಗೆ ಜಾಗ ಮಾಡಿಕೊಡದೆ ಸಾಲು ಮಾಡಿದ್ದರಿಂದ ಅವೆಲ್ಲ ಒಟ್ಟಾಗಿ ಮುಂದಕ್ಕೆ ವಾಲಿದವು. ಮದುವೆಯಾಗಿ ಎರಡು ತಿಂಗಳಿಗೆ ಬಂದು, "ಡಾಕ್ಟ್ರೇ, ಹಲ್ಲು ನೆಟ್ಟಗಾಗಿದೆ, ತುಟಿ ಮುಚ್ಚೋಕಾಗ್ತಿಲ್ಲ" ಎಂದಳು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಅವಳ ಹಣ ಹಿಂದಿರುಗಿಸಿ, ಹಿರಿಯ ಆರ್ಥೊಡಾಂಟಿಸ್ಟ್ ಒಬ್ಬರ ಬಳಿ ನಾನೇ ಕರೆದುಕೊಂಡು ಹೋದೆ. ಅವರು ನನ್ನನ್ನು ಬೈಯಲಿಲ್ಲ. ಎಕ್ಸರೇ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಗೆರೆ ಎಳೆದು, ಜಾಗ ಎಲ್ಲಿತ್ತು ತೋರಿಸಿ ಎಂದು ಕೇಳಿದರು. ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಹುಡುಗಿ ಮತ್ತೆ ಎರಡು ವರ್ಷ ತಂತಿ ಹಾಕಿಕೊಂಡಿದ್ದಳು.

ಓದಿನ ವಿಷಯ ಹೇಳುತ್ತೇನೆ, ನಿಮಗೆ ಫರಕು ತಿಳಿಯಲಿ. ಬಿ.ಡಿ.ಎಸ್. ಐದು ವರ್ಷ, ಇಂಟರ್ನ್‌ಷಿಪ್ ಸೇರಿ. ಅದರಲ್ಲಿ ಆರ್ಥೊಡಾಂಟಿಕ್ಸ್ ಹಲವು ವಿಷಯಗಳಲ್ಲಿ ಒಂದು. ನಾವು 0.7 ಮಿಲಿಮೀಟರ್ ದಪ್ಪದ ಸ್ಟೀಲ್ ತಂತಿಯನ್ನು ಇಕ್ಕಳದಲ್ಲಿ ಬಗ್ಗಿಸಿ, ಪ್ಲಾಸ್ಟರ್ ಅಚ್ಚಿನ ದವಡೆ ಹಲ್ಲಿಗೆ ಕೂರುವ ಆಡಮ್ಸ್ ಕೊಂಡಿ ಮಾಡುತ್ತಿದ್ದೆವು. ಬೆರಳ ತುದಿ ಗಾಯವಾಗುತ್ತಿತ್ತು, ಹತ್ತು ಸಲ ಮಾಡಿದರೆ ಒಂದು ಸರಿಯಾಗುತ್ತಿತ್ತು. ತೆಗೆದು ಹಾಕುವ ಸಾಧಾರಣ ಪ್ಲೇಟಿನವರೆಗೆ ನಮ್ಮ ಕೈ ಪಳಗುತ್ತದೆ. ಅದಾದ ಮೇಲೆ ಎಂ.ಡಿ.ಎಸ್. ಮೂರು ವರ್ಷ. ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದೊಂದೇ ಕೆಲಸ. ಮೇಣದಲ್ಲಿ ಕೃತಕ ಹಲ್ಲುಗಳನ್ನು ವಕ್ರವಾಗಿ ನೆಟ್ಟು, ತಂತಿ ಕಟ್ಟಿ, ಬಿಸಿನೀರಿನಲ್ಲಿ ಅದ್ದಿ, ಮೇಣ ಮೆತ್ತಗಾದಂತೆ ಹಲ್ಲು ಎತ್ತ ಸಾಗುತ್ತದೆ ಎಂದು ನೋಡುತ್ತಾರೆ. ಎರಡು ವರ್ಷ ಹಿಡಿಯುವ ಚಲನೆ ಅಲ್ಲಿ ಕೆಲವು ಗಂಟೆಗಳಲ್ಲಿ ಕಣ್ಣಿಗೆ ಕಾಣುತ್ತದೆ, ತಪ್ಪೂ ಕಾಣುತ್ತದೆ. ಆಮೇಲೆ ನಿಜವಾದ ಬಾಯಿಗಳು, ಗುರುಗಳ ಕಣ್ಣೆದುರು. ಇದನ್ನು ಬೇರೆಯೇ ವಿದ್ಯೆಯಾಗಿ ಮೊದಲು ನಿಲ್ಲಿಸಿದವರು ಅಮೆರಿಕದ ಎಡ್ವರ್ಡ್ ಆಂಗಲ್. 1900ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಇದಕ್ಕೆಂದೇ ಶಾಲೆ ತೆರೆದರು. ನಮ್ಮಲ್ಲಿ ಭಾರತೀಯ ಆರ್ಥೊಡಾಂಟಿಕ್ ಸೊಸೈಟಿ ಹುಟ್ಟಿದ್ದು 1965ರಲ್ಲಿ, ಮಣಿಪಾಲದ ದಂತ ಕಾಲೇಜು ಶುರುವಾದ ವರ್ಷವೇ.

ಹೆಸರಿನಿಂದ ಇನ್ನೊಂದು ಗೊಂದಲ. ದೆಹಲಿಯಲ್ಲಿ "ಆರ್ಥೊ" ಎಂದರೆ ಜನ ಮೂಳೆ ಡಾಕ್ಟರೆಂದೇ ತಿಳಿಯುತ್ತಾರೆ. ಬೋರ್ಡಿನಲ್ಲಿ ಕೇವಲ ಅಷ್ಟೇ ಬರೆದಿದ್ದರೆ ಸಾಲದು, "ಎಂ.ಡಿ.ಎಸ್., ಆರ್ಥೊಡಾಂಟಿಕ್ಸ್" ಎಂದಿರಬೇಕು. ಬರೀ ಎಂ.ಡಿ.ಎಸ್. ಎಂದರೂ ಸಾಲದು, ವಸಡಿಗೊಂದು, ಬೇರುನಾಳಕ್ಕೊಂದು, ಮಕ್ಕಳ ಹಲ್ಲಿಗೊಂದು ಬೇರೆ ಬೇರೆ ಎಂ.ಡಿ.ಎಸ್. ಇದೆ. ಅಲೈನರ್ ಕಂಪನಿಗಳು ಕೊಡುವ "ಸರ್ಟಿಫೈಡ್" ಎಂಬ ಪತ್ರ ಪದವಿಯಲ್ಲ. ಕಂಪನಿಯ ತರಬೇತಿ ಮುಗಿಸಿದ ಸಾಮಾನ್ಯ ದಂತವೈದ್ಯರಿಗೂ ಅದು ಸಿಗುತ್ತದೆ. 1948ರ ದಂತವೈದ್ಯರ ಕಾಯ್ದೆ ಬಂದಂದಿನಿಂದ ಪ್ರತಿ ರಾಜ್ಯದಲ್ಲೂ ದಂತವೈದ್ಯರ ನೋಂದಣಿ ಪುಸ್ತಕ ಇದೆ. ನಮ್ಮ ರಾಜಧಾನಿ ವಲಯದಲ್ಲಿ ಒಂದು ತೊಡಕು: ಮಯೂರ್ ವಿಹಾರದಿಂದ ಎರಡು ಮೆಟ್ರೊ ನಿಲ್ದಾಣ ದಾಟಿ ನೋಯ್ಡಾಕ್ಕೆ ಹೋದರೆ ಅದು ಉತ್ತರ ಪ್ರದೇಶದ ಪುಸ್ತಕ, ಗುರುಗ್ರಾಮ, ಫರೀದಾಬಾದ್ ಹರಿಯಾಣದ್ದು. ನೋಂದಣಿ ಸಂಖ್ಯೆ ಕೇಳಿದರೆ ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ಹೇಳುವ ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಇಲ್ಲಿನ ಬಡಾವಣೆಯ ಕ್ಲಿನಿಕ್‌ಗಳಲ್ಲಿ ಬಹಳಷ್ಟು ಕಡೆ ಕುರ್ಚಿ ಸಾಮಾನ್ಯ ದಂತವೈದ್ಯರದು, ಆರ್ಥೊಡಾಂಟಿಸ್ಟ್ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಂದು ಹೋಗುತ್ತಾರೆ. ನನ್ನ ಕ್ಲಿನಿಕ್ಕಿನಲ್ಲೂ ಹಾಗೆಯೇ, ತಿಂಗಳಿಗೆ ಎರಡು ಶನಿವಾರ. ಇದು ಒಳ್ಳೆಯ ಏರ್ಪಾಡು. ಮನೆ ಹತ್ತಿರವೇ ತಜ್ಞರ ಕೈ ಸಿಗುತ್ತದೆ, ನಡುವೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಿತ್ತು ಬಂದರೆ, ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ನೋಡಿಕೊಳ್ಳಲು ನಾನಿರುತ್ತೇನೆ. ಆದರೆ ತಜ್ಞರು ಮೊದಲ ದಿನ ಬಂದು ತಂತಿ ಅಂಟಿಸಿ ಆಮೇಲೆ ಕಾಣಿಸದಿದ್ದರೆ, ಪ್ರತಿ ತಿಂಗಳು ತಂತಿ ಬದಲಿಸುವವರು ಸಹಾಯಕರೇ ಆದರೆ, ಬೋರ್ಡಿನ ಹೆಸರಿನಿಂದ ಪ್ರಯೋಜನವಿಲ್ಲ. ಹಾಗಾಗಿ ದಂತವೈದ್ಯರೋ ಆರ್ಥೊಡಾಂಟಿಸ್ಟೋ ಎಂಬ ಪ್ರಶ್ನೆಯನ್ನು ಕ್ಲಿನಿಕ್ಕಿನ ಬಾಗಿಲಲ್ಲಿ ಬಿಡಬೇಡಿ, ಒಳಕ್ಕೂ ಒಯ್ಯಿರಿ. ನನ್ನ ಚಿಕಿತ್ಸೆಯ ನಕ್ಷೆ ಯಾರು ಹಾಕುತ್ತಾರೆ? ಪ್ರತಿ ಸಲ ನನ್ನ ಬಾಯಿ ನೋಡುವವರು ಯಾರು? ಅವರು ಬರುವ ದಿನ ಯಾವುದು? ಇಷ್ಟನ್ನು ಕೇಳಿ.

ಹಾಗಾದರೆ ನನ್ನಂಥವರ ಕೆಲಸವೇನು? ದೊಡ್ಡವರ ವಿಷಯದಲ್ಲಿ ಬಹಳ ಇದೆ, ಮತ್ತು ಮೊದಲು ಇದೆ. ಹದಿನಾಲ್ಕರ ಹುಡುಗಿಯ ವಸಡು ಗಟ್ಟಿಯಾಗಿರುತ್ತದೆ. ನಲವತ್ತು ದಾಟಿದವರ ಬಾಯಿಯಲ್ಲಿ ಎರಡು ಬೇರುನಾಳ, ಒಂದು ಕ್ಯಾಪು, ಎಂದೋ ಕಿತ್ತ ಹಲ್ಲಿನ ಖಾಲಿ ಜಾಗ, ಅದರತ್ತ ವಾಲಿದ ಪಕ್ಕದ ಹಲ್ಲು, ಬೆಳಿಗ್ಗೆ ಉಜ್ಜಿದರೆ ರಕ್ತ. ಆರೋಗ್ಯವಾದ ವಸಡಿನಲ್ಲಿ ಹಲ್ಲಿಗೂ ವಸಡಿಗೂ ನಡುವಿನ ಸಂದು 3 ಮಿಲಿಮೀಟರ್ ಮೀರುವುದಿಲ್ಲ. ಹಾಸನದ ಆ ಹೆಣ್ಣುಮಗಳದು ಕೆಲವು ಕಡೆ 5, ಒಂದು ಕಡೆ 6 ಇತ್ತು. ಅಂದರೆ ಒಳಗೆ ಮೂಳೆ ಕರಗಲು ಶುರುವಾಗಿದೆ. ಸೋಂಕು ಇರುವಾಗಲೇ ಹಲ್ಲನ್ನು ಸರಿಸಿದರೆ ಉಳಿದ ಮೂಳೆಯೂ ಬೇಗ ಹೋಗುತ್ತದೆ, ಸಾಲಾದ ಹಲ್ಲು ಅಲುಗಾಡುತ್ತದೆ. ಎರಡನೆಯ ಚೀಟಿ ಬರೆದವರು ಕಂಡದ್ದು ಇದನ್ನು. ಸಕ್ಕರೆ ಕಾಯಿಲೆ ಇದ್ದವರು, ಅಡಿಕೆ, ತಂಬಾಕು ಹಾಕುವವರು ಇದನ್ನು ಇನ್ನಷ್ಟು ಗಮನವಿಟ್ಟು ಕೇಳಬೇಕು. ಮೂಳೆ ಸವೆತಕ್ಕೆಂದು ಬಿಸ್ಫಾಸ್ಫೊನೇಟ್ ಮಾತ್ರೆಯನ್ನೋ ಇಂಜೆಕ್ಷನನ್ನೋ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಲೇಬೇಕು. ಮೂಳೆ ಕರಗುವುದನ್ನು ತಡೆಯುವುದೇ ಆ ಔಷಧಿಯ ಕೆಲಸ, ಹಲ್ಲು ಸರಿಯಲು ಮೂಳೆ ಕರಗಲೇಬೇಕು.

ಇಂಪ್ಲಾಂಟ್ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ನೆನಪಿಡಿ. ಇಂಪ್ಲಾಂಟಿಗೆ ನಾನು ಹೇಳಿದ ಆ ನಾರಿನ ಪದರ ಇಲ್ಲ. ಅದು ಮೂಳೆಗೇ ಬೆಸೆದುಕೊಳ್ಳುತ್ತದೆ, ಯಾವ ತಂತಿಯೂ ಅದನ್ನು ಅಲುಗಿಸದು. ಮೊದಲು ಇಂಪ್ಲಾಂಟ್ ಹಾಕಿಸಿ ಆಮೇಲೆ ತಂತಿಗೆ ಬಂದವರನ್ನು ನೋಡಿದ್ದೇನೆ. ಉಳಿದ ಹಲ್ಲುಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದೊಂದೇ ದಾರಿ. ತಂತಿ ಹಾಕಿಸುವ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೂ ಇಂಪ್ಲಾಂಟಿಗೆ ಮುಂಚೆ ಬಾಯಿಬಿಟ್ಟು ಹೇಳಿ.

ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯಿಂದ ಇಲ್ಲಿಗೆ ಬಂದವರೂ ಇದನ್ನು ಕೇಳುತ್ತಿರಬಹುದು. ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದು ಬೆಳೆದು ಹಲ್ಲಿನ ಮೇಲೆ ಕಂದು ಕಲೆ ಬಿದ್ದವರು. ಹರಿಯಾಣ, ರಾಜಸ್ಥಾನದ ಹಳ್ಳಿಗಳಲ್ಲೂ ಇದೇ ಕಷ್ಟ, ಹಾಗಾಗಿ ದೆಹಲಿಯ ತಜ್ಞರಿಗೆ ಇದು ಹೊಸದಲ್ಲ. ಅಂಥ ಹಲ್ಲಿನ ಮೇಲೆ ಬ್ರಾಕೆಟ್ ಸುಲಭವಾಗಿ ಅಂಟುವುದಿಲ್ಲ, ಹಲ್ಲನ್ನು ಬೇರೆ ರೀತಿಯಲ್ಲಿ ಸಿದ್ಧಪಡಿಸಿಕೊಳ್ಳಬೇಕು. ನಿಮ್ಮ ಊರಿನ ನೀರಿನ ವಿಷಯ ಮುಚ್ಚಿಡಬೇಡಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಲೈನರ್‌ಗಳ ಜಾಹೀರಾತು ಈಗ ಮೊಬೈಲಿನ ತುಂಬ ಇದೆ. ಅದರ ಮೂಲ ಕುತೂಹಲದ್ದು. ದೊಡ್ಡವರಾದ ಮೇಲೆ ತಂತಿ ಹಾಕಿಸಿಕೊಂಡಿದ್ದ ಜಿಯಾ ಚಿಶ್ತಿ ಎಂಬವರಿಗೆ, ತಂತಿ ತೆಗೆದ ಮೇಲೆ ಹಾಕುವ ರಿಟೈನರ್ ನೋಡಿ, ಇಂಥವನ್ನೇ ಸರಣಿಯಾಗಿ ಮಾಡಿದರೆ ಹಲ್ಲನ್ನೇ ಸರಿಸಬಹುದಲ್ಲ ಎಂದು ಹೊಳೆಯಿತು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಕಟ್ಟಿದರು. ಉಪಕರಣ ಒಳ್ಳೆಯದೇ, ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಳ್ಳುವ ಶಿಸ್ತು ಇದ್ದವರಿಗೆ, ತೀರಾ ತೊಡಕಿಲ್ಲದ ಬಾಯಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ನನ್ನ ತಕರಾರು ವೈದ್ಯರ ಮುಖವನ್ನೇ ನೋಡದೆ ಮನೆಗೆ ಪೆಟ್ಟಿಗೆ ತರಿಸಿಕೊಳ್ಳುವ ಪದ್ಧತಿಯ ಬಗ್ಗೆ. ಅಮೆರಿಕದಲ್ಲಿ ಹಾಗೆ ಮಾರುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ದೊಡ್ಡ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅರ್ಧ ಸರಿದ ಹಲ್ಲು ಇಟ್ಟುಕೊಂಡವರು ನಡುದಾರಿಯಲ್ಲಿ ಉಳಿದರು. ಹಲ್ಲು ಸರಿಯುವಾಗ ಬೇರಿನ ತುದಿ ಸವೆಯುತ್ತಿದೆಯೇ, ವಸಡು ಇಳಿಯುತ್ತಿದೆಯೇ ಎಂದು ಪೆಟ್ಟಿಗೆ ನೋಡುವುದಿಲ್ಲ.

ಖರ್ಚಿನ ಚಿಂತೆ ಇರುವವರಿಗೆ: ಖಾಸಗಿಯಲ್ಲಿ ಲೋಹದ ತಂತಿಗೇ ಹತ್ತಾರು ಸಾವಿರ, ಅಲೈನರ್ ಲಕ್ಷ ದಾಟುವುದುಂಟು. ದಿಲ್ಲಿ ಗೇಟಿನ ಹತ್ತಿರ ಬಹಾದೂರ್ ಷಾ ಜಫರ್ ಮಾರ್ಗದಲ್ಲಿ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ ಇದೆ. ಏಮ್ಸ್‌ನಲ್ಲಿ ದಂತ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಇದೆ. ಅದನ್ನು ಬಹುಕಾಲ ಮುನ್ನಡೆಸಿದ ಓ.ಪಿ. ಖರಬಂದ ಅವರೇ ಆರ್ಥೊಡಾಂಟಿಸ್ಟ್, ಅವರ ಪಠ್ಯಪುಸ್ತಕವನ್ನು ದೇಶದ ವಿದ್ಯಾರ್ಥಿಗಳು ಓದುತ್ತಾರೆ. ಜಾಮಿಯಾ ಮಿಲಿಯಾದಲ್ಲೂ ದಂತ ವಿಭಾಗ ಇದೆ. ಬೋಧನಾ ಆಸ್ಪತ್ರೆಗಳಲ್ಲಿ ನಿಮ್ಮ ಬಾಯಿ ನೋಡುವವರು ಎಂ.ಡಿ.ಎಸ್. ಓದುತ್ತಿರುವವರಿರಬಹುದು, ಹೆದರಬೇಡಿ, ಬೆನ್ನ ಹಿಂದೆ ಪ್ರಾಧ್ಯಾಪಕರು ಇರುತ್ತಾರೆ. ಕಾಯಬೇಕಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕಾಗುತ್ತದೆ, ಚಿಕಿತ್ಸೆ ಮುಗಿಯುವಷ್ಟರಲ್ಲಿ ವಿದ್ಯಾರ್ಥಿ ಓದು ಮುಗಿಸಿ ಹೋಗಿ ಇನ್ನೊಬ್ಬರ ಕೈಗೆ ಬರಬಹುದು. ಅಷ್ಟಕ್ಕೆ ತಯಾರಿದ್ದರೆ ಕೈಗೆಟಕುವ ದರದಲ್ಲಿ ಸರಿಯಾದ ಚಿಕಿತ್ಸೆ ಅಲ್ಲಿ ಸಿಗುತ್ತದೆ.

ಹಾಸನದ ಹೆಣ್ಣುಮಗಳಿಗೆ ನಾನು ಎರಡನೆಯ ಚೀಟಿಯನ್ನು ಹಿಂದಿರುಗಿಸಿ, ಇವರ ಹತ್ತಿರ ಹೋಗಿ, ಅವರು ಬರೆದ ವಸಡಿನ ಕೆಲಸವನ್ನೂ ಫಿಲ್ಲಿಂಗನ್ನೂ ಬೇಕಾದರೆ ನನ್ನಲ್ಲಿ ಮಾಡಿಸಿ ಎಂದೆ. ಎಂದಿನಂತೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಹಂಗಾದ್ರೆ ಆರು ತಿಂಗಳಲ್ಲಿ ಆಗಲ್ವಾ ಅಕ್ಕಾ?" ಎಂದರು. ಆಗುವುದಿಲ್ಲ ಎಂದೆ. ಎರಡು ವರ್ಷ, ಅದಾದ ಮೇಲೆ ರಾತ್ರಿ ಹೊತ್ತು ರಿಟೈನರ್, ಅದು ಬಿಡುವಂಥದ್ದಲ್ಲ.

ಅವರು ಈಗ ಮೂರು ತಿಂಗಳಿಂದ ಬರುತ್ತಿದ್ದಾರೆ. 6 ಮಿಲಿಮೀಟರ್ ಇದ್ದ ಸಂದು ಕಳೆದ ವಾರ ಅಳೆದಾಗ 4 ಇತ್ತು. ರಕ್ತ ಬರುವುದು ನಿಂತಿದೆ. ತಂತಿ ಇನ್ನೂ ಹಾಕಿಲ್ಲ.